ಶಿವರಾಂಪೇಟೆಯ ಟಿಕೆಟ್ ಅಂಗಡಿ: ‘ಕಷ್ಟ’ ಅಂದರೆ ಎಷ್ಟು ಕಷ್ಟ?

ರೈಲು ಟಿಕೆಟ್ ಮಾಡಿಸೋಕೆ ಈ ಕಾಲದಲ್ಲಿ ಅಂಗಡಿಗೆ ಯಾರು ಹೋಗ್ತಾರೆ ಅಂತ ನೀವು ಕೇಳಬಹುದು. ಸೀಟು ಖಾಲಿ ಇದ್ದರೆ ನಾನೂ ಹೋಗಲ್ಲ. ಫೋನಿನಲ್ಲೇ ಮುಗಿಸುತ್ತೇನೆ. ವೇಟಿಂಗ್ ಲಿಸ್ಟ್ ಅಂತ ಕಂಡರೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ನಮ್ಮ ಮೈಸೂರಿನ ಶಿವರಾಂಪೇಟೆಗೆ ಹೊರಡುತ್ತೇನೆ. ನಾನು ಕೆಲಸ ಮಾಡುವ ಮೆಡಿಕಲ್ ಸ್ಟೋರ್ ಧನ್ವಂತರಿ ರಸ್ತೆಯಲ್ಲಿದೆ, ಹಾಗಾಗಿ ನಡೆದೇ ಹೋಗಬಹುದು. ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಅಲ್ಲಿ ಜಾಗ ಹುಡುಕೋದೇ ಒಂದು ಪ್ರಯಾಣ.

ಅಂಗಡಿಯ ಬೋರ್ಡಿನ ಬಣ್ಣ ಹೋಗಿ ಹೆಸರು ಅರ್ಧ ಅಳಿಸಿದೆ. ಅದನ್ನ ಬರೆಸಬೇಕು ಅಂತ ಅವರಿಗೂ ಅನಿಸಿಲ್ಲ, ಓದಬೇಕು ಅಂತ ಜನಕ್ಕೂ ಅನಿಸಿಲ್ಲ. ಎಲ್ಲರಿಗೂ ಅದು ‘ಟಿಕೆಟ್ ಅಂಗಡಿ’, ಒಳಗೆ ಕೂತಿರುವವರು ‘ಯಜಮಾನ್ರು’. ಜೆರಾಕ್ಸ್ ಮಾಡುತ್ತಾರೆ, ರೀಚಾರ್ಜ್ ಮಾಡುತ್ತಾರೆ, ಬಸ್ ಟಿಕೆಟೂ ಮಾಡುತ್ತಾರೆ. ಅವೆಲ್ಲ ಎಲ್ಲಿ ಬೇಕಾದರೂ ಸಿಗುತ್ತೆ. ಇಲ್ಲಿ ಮಾತ್ರ ಸಿಗುವ ಸರಕು ಒಂದೇ. ಟಿಕೆಟ್ ಆಗುತ್ತೋ ಇಲ್ಲವೋ ಅಂತ ಕೇಳಿದರೆ ನೆಚ್ಚಿಕೊಳ್ಳಬಹುದಾದ ಒಂದು ಮಾತು.

ಮೊದಮೊದಲು ಅವರ ಮಾತು ಎಲ್ಲಾ ಅಂಗಡಿಯವರ ಮಾತಿನ ಥರವೇ ಕೇಳಿಸುತ್ತೆ. ಸ್ವಲ್ಪ ಕಾಲ ಗಮನಿಸಿದರೆ ಅದರ ಅಳತೆ ಸಿಗುತ್ತೆ. ‘ಬ್ಯಾಗ್ ತುಂಬ್ಕೊಳ್ಳೀಮ್ಮಾ’ ಅಂದರೆ ಟಿಕೆಟ್ ಆದ ಹಾಗೇ. ‘ಆಗುತ್ತೆ’ ಅಂದರೆ ನೂರಕ್ಕೆ ತೊಂಬತ್ತು. ‘ಆಗಬಹುದು’ ಅಂದರೆ ಅರ್ಧಕ್ಕಿಂತ ಮೇಲೆ, ಆದರೆ ನೆಂಟರಿಗೆ ಫೋನ್ ಮಾಡಿ ಬರ್ತಿದೀವಿ ಅಂತ ಹೇಳುವಷ್ಟು ಮೇಲಲ್ಲ. ಇಲ್ಲಿಂದ ಕೆಳಕ್ಕೆ ಇಳಿದಾಗಲೇ ಅವರ ಕಸುಬು ಕಾಣೋದು. ‘ಡೌಟು’ ಅಂದರೆ ನಾಲ್ಕರಲ್ಲಿ ಒಂದು. ‘ಕಷ್ಟ’ ಅಂದರೆ ಹತ್ತರಲ್ಲಿ ಒಂದು. ಅದೇ ‘ಕಷ್ಟ’ ಎರಡು ಸಲ ಬಂದು, ಜೊತೆಗೆ ಕನ್ನಡಕ ಕಳಚಿ ಮೇಜಿನ ಮೇಲಿಟ್ಟರೆ ಇನ್ನೂ ಕೆಳಗೆ. ‘ತಿಪ್ಪರಲಾಗ ಹಾಕಿದ್ರೂ ಆಗಲ್ಲ’ ಅಂದರೆ ನಿಮ್ಮ ದುಡ್ಡನ್ನೇ ಮುಟ್ಟುವುದಿಲ್ಲ. ‘ಕನ್ಫರ್ಮ್ ಆಗದೇ ಇದ್ರೂ ರೈಲ್ವೆಯವರು ತಲಾ 60 ರೂಪಾಯಿ ಕ್ಲರ್ಕೇಜ್ ಹಿಡ್ಕೋತಾರೆ, ಎಸಿ ಆದ್ರೆ ಅದರ ಮೇಲೆ ಜಿಎಸ್‌ಟಿ ಬೇರೆ. ನಾಲ್ಕು ಜನಕ್ಕೆ ಲೆಕ್ಕ ಹಾಕಿ. ಬಸ್ಸಲ್ಲಿ ಹೋಗಿ’ ಅಂತ ಕಳಿಸಿಬಿಡುತ್ತಾರೆ. ಬರುವ ಕಮಿಷನ್ ಬಿಟ್ಟು ಗಿರಾಕಿಯನ್ನ ವಾಪಸ್ ಕಳಿಸುವ ಅಂಗಡಿ ನಿಮಗೆ ಇನ್ನೊಂದು ಗೊತ್ತಿದ್ದರೆ ಹೇಳಿ.

ಈ ಅಳತೆ ಎಲ್ಲಿಂದ ಬಂತು ಅಂತ ನನಗೆ ಕುತೂಹಲ ಇತ್ತು. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಕಂಪ್ಯೂಟರ್ ಕಣ್ಣು ಮುಚ್ಚಿತ್ತು. ಯಜಮಾನ್ರು ಡ್ರಾಯರಿನಿಂದ ಉದ್ದನೆಯ ರೂಲ್ಡ್ ಪುಸ್ತಕ ತೆಗೆದರು. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಇರುತ್ತಲ್ಲ, ಆ ಥರದ್ದು. ನೀಲಿ ಇಂಕಿನಲ್ಲಿ ಸಾಲುಸಾಲಾಗಿ ಬರೆದಿದ್ದರು: ‘ಕಾವೇರಿ, ಸ್ಲೀಪರ್, ಶುಕ್ರ, ವೇ 41.’ ಅದರ ಮುಂದೆ ಕೊನೆಗೆ ಏನಾಯಿತು ಅನ್ನೋದು: ‘ಆರ್‌ಎಸಿ 9.’ (ಆರ್‌ಎಸಿ ಅಂದರೆ ಇಬ್ಬರಿಗೆ ಒಂದೇ ಬರ್ತ್.) ಮುಂದಿನ ಸಾಲು ಹಂಪಿ ಎಕ್ಸ್‌ಪ್ರೆಸ್, ಅದರ ಮುಂದಿನದು ಗೋಲ್‌ಗುಂಬಜ್. ಇಷ್ಟೇ ಆಗಿದ್ದರೆ ಲೆಕ್ಕದ ಪುಸ್ತಕ ಅಂತ ಸುಮ್ಮನಾಗುತ್ತಿದ್ದೆ. ಪ್ರತಿ ಸಾಲಿನ ಅಂಚಿನಲ್ಲಿ ಕೆಂಪು ಇಂಕಿನ ಒಂದು ಸಣ್ಣ ಗುರುತಿತ್ತು. ಕೆಲವು ಕಡೆ ‘ಡೌ’, ಕೆಲವು ಕಡೆ ‘ಕ’, ಒಂದೆರಡು ಕಡೆ ‘ಕಕ’. ಟಿಕೆಟ್ ಆಗಿದ್ದರೆ ಪಕ್ಕದಲ್ಲಿ ಒಂದು ಟಿಕ್.

ಗಿರಾಕಿಗೆ ತಾವು ಏನು ಹೇಳಿದ್ದರೋ ಅದನ್ನೇ ಬರೆದಿಟ್ಟುಕೊಂಡಿದ್ದರು!

‘ಯಾಕೆ ಯಜಮಾನ್ರೇ ಇದೆಲ್ಲ?’ ಅಂದೆ. ‘ನೋಡೀಮ್ಮಾ, ಕ ಅಂತ ಬರೆದಿರೋ ಕಡೆ ಟಿಕ್ ಜಾಸ್ತಿ ಕಂಡ್ರೆ ನಾನು ಜನಾನ ಸುಮ್ನೆ ಹೆದರಿಸ್ತಿದೀನಿ ಅಂತ ಅರ್ಥ. ಒಂದೂ ಟಿಕ್ ಇಲ್ಲ ಅಂದ್ರೆ ಕಷ್ಟ ಅಂತ ಯಾಕೆ ಹೇಳ್ಬೇಕು, ಆಗಲ್ಲ ಅಂತಲೇ ಹೇಳ್ಬೇಕು. ಹತ್ತಕ್ಕೆ ಒಂದು ಟಿಕ್ ಇರ್ಬೇಕು, ಆಗ ಮಾತು ಸರಿಯಾಗಿದೆ ಅಂತ.’ ಮೊಂಬತ್ತಿ ಬೆಳಕಿನಲ್ಲಿ ಬೆರಳಿಟ್ಟು ತೋರಿಸುತ್ತಾ ಹೋದರು. ದಸರಾ ವಾರದ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಆ ವಾರದ ಲೆಕ್ಕವನ್ನ ಬೇರೆ ವಾರಕ್ಕೆ ಬೆರೆಸಬಾರದಂತೆ.

ಔಷಧಿ ಅಂಗಡಿಯವಳಿಗೆ ಇದು ಯಾಕೆ ಇಷ್ಟು ಹಿಡಿಸಿತು ಅಂದರೆ, ನಮ್ಮ ಕಸುಬಿನಲ್ಲೂ ಇದೇ ಗೋಳು. ಮಾತ್ರೆಯ ಡಬ್ಬದೊಳಗೆ ಮಡಚಿಟ್ಟ ಚೀಟಿ ಇರುತ್ತಲ್ಲ, ಅಡ್ಡ ಪರಿಣಾಮಗಳ ಪಟ್ಟಿ. ಯುರೋಪಿನಲ್ಲಿ ಅದರ ಪದಗಳಿಗೆ ಗೊತ್ತುಮಾಡಿದ ಅಳತೆ ಇದೆ. ‘ಅಪರೂಪ’ ಅಂದರೆ 1,000 ಜನಕ್ಕೆ ಒಬ್ಬರಿಗಿಂತ ಕಡಿಮೆ, ಆದರೆ 10,000ಕ್ಕೆ ಒಬ್ಬರಿಗಿಂತ ಕಡಿಮೆ ಅಲ್ಲ. ‘ತುಂಬಾ ಅಪರೂಪ’ ಅಂದರೆ 10,000ಕ್ಕೆ ಒಬ್ಬರಿಗಿಂತಲೂ ಕಡಿಮೆ. 100ಕ್ಕೆ ಒಬ್ಬರಿಂದ 10ಕ್ಕೆ ಒಬ್ಬರ ತನಕ ಇದ್ದರೆ ‘ಸಾಮಾನ್ಯ’. ಅಳತೆ ಏನೋ ಇದೆ, ಓದುವವರ ತಲೆಯಲ್ಲಿ ಅದು ಇಲ್ಲ. ಬ್ರಿಟನ್ನಿನಲ್ಲಿ ಈ ಪದಗಳನ್ನ ಜನರಿಗೆ ಕೊಟ್ಟು ಕೇಳಿ ನೋಡಿದ್ದಾರೆ. ಎಷ್ಟು ಜನಕ್ಕೆ ತೊಂದರೆ ಆಗಬಹುದು ಅಂತ ಅವರು ಊಹಿಸಿದ್ದು ನಿಜವಾದ ಅಳತೆಗಿಂತ ತುಂಬಾ ಜಾಸ್ತಿ. ನಮ್ಮ ಕೌಂಟರಿನಲ್ಲೂ ಅದೇ. ‘ಅಪರೂಪಕ್ಕೆ ಸ್ನಾಯು ನೋವು’ ಅಂತ ಓದಿದ ತಕ್ಷಣ ತೊಡೆ ಹಿಡಿದುಕೊಂಡು ಬರುವವರಿದ್ದಾರೆ.

ಒಂದು ತಮಾಷೆ ನೋಡಿ. ಟಿಕೆಟ್ ಅಂಗಡಿಯಲ್ಲಿ ಹತ್ತರಲ್ಲಿ ಒಂದು ಅಂದರೆ ‘ಕಷ್ಟ’. ಅದೇ ಹತ್ತರಲ್ಲಿ ಒಂದು ಮಾತ್ರೆಯ ಚೀಟಿಗೆ ಬಂದರೆ ‘ಸಾಮಾನ್ಯ’ಕ್ಕೂ ‘ತುಂಬಾ ಸಾಮಾನ್ಯ’ಕ್ಕೂ ನಡುವಿನ ಗಡಿ. ಬೇಕಾದದ್ದು ಹತ್ತರಲ್ಲಿ ಒಂದು ಸಲ ಸಿಕ್ಕಿದರೆ ಸಾಲದು, ಬೇಡದ್ದು ಹತ್ತರಲ್ಲಿ ಒಂದು ಸಲ ಬಂದರೆ ತೀರಾ ಜಾಸ್ತಿ. ಹಾಗಾಗಿ ಒಂದು ಅಂಗಡಿಯ ಅಳತೆಯನ್ನ ಇನ್ನೊಂದಕ್ಕೆ ಒಯ್ಯೋಕಾಗಲ್ಲ.

ನಮ್ಮ ಮಾತಿನಲ್ಲಿ ಆಗದ ಕೆಲಸಕ್ಕೆ ಹೆಸರುಗಳಿಗೇನು ಬರ ಇಲ್ಲ. ಮೊಲದ ಕೊಂಬು, ಗಗನಕುಸುಮ, ಮರಳು ಹಿಂಡಿ ಎಣ್ಣೆ ತೆಗೆಯೋದು, ಸೂರ್ಯ ಪಶ್ಚಿಮದಲ್ಲಿ ಹುಟ್ಟೋದು. ಕೇಳೋಕೆ ಚೆನ್ನಾಗಿವೆ. ಆದರೆ ಇವೆಲ್ಲ ಸೊನ್ನೆಯ ಹೆಸರುಗಳು, ಒಂದಕ್ಕಿಂತ ಒಂದು ಜಾಸ್ತಿ ಸೊನ್ನೆ ಆಗಲ್ಲ. ಎಂದೂ ಆಗದ್ದು ಆಗಿಹೋದ ಮೇಲೆ ಹೇಳೋಕೆ ‘ಕಾಕತಾಳೀಯ’ ಇದೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು, ಮುಗೀತು. ಆದರೆ ಸೊನ್ನೆಗೂ ಕಾಲುಭಾಗಕ್ಕೂ ನಡುವೆ ಒಂದು ಜಾಗ ಇದೆಯಲ್ಲ, ನಾವು ದುಡ್ಡು ಕಟ್ಟಬೇಕೋ ಬೇಡವೋ ಅಂತ ಒದ್ದಾಡೋದು ಅಲ್ಲೇ. ಆ ಜಾಗಕ್ಕೆ ಮೆಟ್ಟಿಲು ಕಟ್ಟಿಕೊಟ್ಟವರು ಕಡಿಮೆ. ಯಜಮಾನ್ರು ಡೌಟು, ಕಷ್ಟ, ಕಷ್ಟಕಷ್ಟ ಅಂತ ಮೂರು ಮೆಟ್ಟಿಲು ಕಟ್ಟಿದ್ದಾರೆ.

ಇದೇ ಕೆಲಸವನ್ನ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಶೆರ್ಮನ್ ಕೆಂಟ್ ಅನ್ನುವವರು ಮಾಡಲು ಹೊರಟಿದ್ದರು. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ನಾನು ಏನೇನೋ ಓದುತ್ತಿರುತ್ತೇನೆ, ಹಾಗೆ ಸಿಕ್ಕಿದ್ದು. 1951ರಲ್ಲಿ ಯುಗೋಸ್ಲಾವಿಯದ ಮೇಲೆ ದಾಳಿ ಆಗುತ್ತಾ ಅಂತ ಅವರ ತಂಡ ಒಂದು ವರದಿ ಬರೆಯಿತು. ದಾಳಿಯನ್ನ ‘ಗಂಭೀರ ಸಾಧ್ಯತೆ’ ಅಂತ ನೋಡಬೇಕು ಅಂತ ಅದರಲ್ಲಿತ್ತು. ಹಾಗಂದರೆ ಎಷ್ಟು ಅಂತ ಹೊರಗಿನವರೊಬ್ಬರು ಕೇಳಿದರು. ಕೆಂಟ್ ತಲೆಯಲ್ಲಿದ್ದದ್ದು ಶೇ. 65ರ ಆಸುಪಾಸು. ತಂಡದವರನ್ನ ಒಬ್ಬೊಬ್ಬರಾಗಿ ಕೇಳಿದರೆ ಒಬ್ಬರು 20 ಅಂದರು, ಇನ್ನೊಬ್ಬರು 80. ಎಲ್ಲರೂ ಸೇರಿ ಒಪ್ಪಿ ಬರೆದ ಒಂದೇ ವಾಕ್ಯ ಅದು! ಆಮೇಲೆ ಕೆಂಟ್ ಪದಗಳಿಗೆ ಅಂಕಿ ಕಟ್ಟಿದರು. 1964ರಲ್ಲಿ ಅಚ್ಚಾದ ಅವರ ಪಟ್ಟಿಯಲ್ಲಿ ‘ಬಹುಶಃ ಇಲ್ಲ’ಕ್ಕೆ ಸುಮಾರು 30, ‘ಹೆಚ್ಚುಕಮ್ಮಿ ಖಂಡಿತ ಇಲ್ಲ’ಕ್ಕೆ ಸುಮಾರು 7. ಹೀಗೆ ಅಂಕಿ ಕಟ್ಟೋದನ್ನ ಒಪ್ಪದ ಸಹೋದ್ಯೋಗಿಗಳಿಗೆ ಅವರು ‘ಕವಿಗಳು’ ಅಂತ ಹೆಸರಿಟ್ಟಿದ್ದರು, ತಮ್ಮ ಪಂಗಡಕ್ಕೆ ‘ಗಣಿತಜ್ಞರು’ ಅಂತ. ನಮ್ಮ ಯಜಮಾನ್ರು ಯಾವ ಕಡೆ ಅಂತ ಹೇಳೋದು ಕಷ್ಟ. ಬಾಯಲ್ಲಿ ತಿಪ್ಪರಲಾಗ, ಡ್ರಾಯರಿನಲ್ಲಿ ರೂಲ್ಡ್ ಪುಸ್ತಕ.

ಇನ್ನು ಆ್ಯಪ್ ವಿಷಯ. ಈಗ ಟಿಕೆಟ್ ಮಾಡುವ ಆ್ಯಪ್‌ಗಳಲ್ಲಿ ಕನ್ಫರ್ಮ್ ಆಗುವ ಸಾಧ್ಯತೆ ಶೇಕಡಾ ಇಷ್ಟು ಅಂತ ಬರುತ್ತೆ. ಐಆರ್‌ಸಿಟಿಸಿ ತನ್ನ ತಾಣದಲ್ಲೇ 2018ರಲ್ಲಿ ಇದನ್ನ ತಂದಿತು. ಅಂಕಿ ಬಂದರೆ ಪದದ ಗೊಂದಲ ತಪ್ಪಬೇಕಿತ್ತು, ಅಲ್ವಾ? ನಾನು ಬಳಸುವ ಒಂದು ಖಾಸಗಿ ಆ್ಯಪ್‌ನಲ್ಲಿ (ಹೆಸರು ಬೇಡ) ಮಗಳನ್ನ ನೋಡೋಕೆ ಚೆನ್ನೈಗೆ ಹೊರಟಾಗ ಶೇ. 71 ಅಂತ ಬಂತು, ದಪ್ಪ ಹಸಿರು ಬಣ್ಣದಲ್ಲಿ. ಎರಡು ದಿನ ಬಿಟ್ಟು ನೋಡಿದರೆ 58, ಹಳದಿ. ಮತ್ತೆ 66, ಮತ್ತೆ ಹಸಿರು. ಕೊನೆಗೆ ಚಾರ್ಟಿನಲ್ಲಿ ವೇಟಿಂಗ್ 3ಕ್ಕೆ ನಿಂತುಹೋಯಿತು. ಆ್ಯಪ್ ಸುಳ್ಳು ಹೇಳಿತು ಅಂತ ನಾನು ಹೇಳಲ್ಲ. ಶೇ. 71 ಅಂದರೆ ಮಿಕ್ಕ 29 ಸಲ ಹೀಗೇ ಆಗಬೇಕು. ನನ್ನ ತಕರಾರು ಬಣ್ಣದ ಮೇಲೆ. ಹಸಿರು ಅಂದರೆ ಹೋಗು ಅಂತ. ಅಂಕಿ ಒಂದು ಹೇಳುತ್ತೆ, ಬಣ್ಣ ‘ಬ್ಯಾಗ್ ತುಂಬ್ಕೊಳ್ಳಿ’ ಅನ್ನುತ್ತೆ. ಹಿಂದೆ ಅದು ಹಸಿರು ತೋರಿಸಿದ್ದರಲ್ಲಿ ಎಷ್ಟು ಆಯಿತು, ಎಷ್ಟು ಆಗಲಿಲ್ಲ ಅಂತ ಬೆರಳಿಟ್ಟು ತೋರಿಸುವ ಪುಸ್ತಕವೂ ಅಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೇ ಟಿಕೆಟ್ಟಿಗೆ ಯಜಮಾನ್ರು ಏನಂದಿದ್ದರು? ‘ಆಗಬಹುದು. ಆದ್ರೆ ಆ ಭಾನುವಾರ ಮದುವೆ ಮುಹೂರ್ತ ಜಾಸ್ತಿ ಇದೆ, ಕ್ಯಾನ್ಸಲ್ ಮಾಡೋರು ಕಮ್ಮಿ.’ ಇದನ್ನ ಆ್ಯಪ್ ಹೇಳಿರಲಿಲ್ಲ. ನಾನು ಬಸ್ಸಿಗೂ ಒಂದು ಸೀಟು ಹಿಡಿದಿದ್ದೆ.

ವೇಟಿಂಗ್ ನಂಬರ್ ಒಂದೇ ನೋಡಿ ಲೆಕ್ಕ ಹಾಕಬೇಡಿ ಅನ್ನೋದು ಅವರು ಎಲ್ಲರಿಗೂ ಹೇಳುವ ಪಾಠ. ಸ್ಲೀಪರ್ ಬೋಗಿಯಲ್ಲಿ 72 ಬರ್ತ್, ಹೊಸ ಎಲ್‌ಎಚ್‌ಬಿ ಬೋಗಿಯಾದರೆ 80, ಅಂಥ ಬೋಗಿಗಳು ಒಂದು ಗಾಡಿಗೆ ಹಲವು. ಅಲ್ಲಿ ರದ್ದು ಮಾಡುವವರೂ ಜಾಸ್ತಿ. ಸೆಕೆಂಡ್ ಎಸಿ ಒಂದೋ ಎರಡೋ ಬೋಗಿ. ಆದ್ದರಿಂದ ಸ್ಲೀಪರಿನ ವೇಟಿಂಗ್ 30 ‘ಆಗಬಹುದು’ ಆಗಿರುವಾಗಲೇ ಸೆಕೆಂಡ್ ಎಸಿಯ ವೇಟಿಂಗ್ 8 ‘ಕಷ್ಟ’ ಆಗಿರುತ್ತೆ. ತತ್ಕಾಲ್ ವೇಟಿಂಗ್ ಅಂತೂ ಆರ್‌ಎಸಿಗೂ ಬರಲ್ಲ, ಸಿಕ್ಕಿದರೆ ಪೂರ್ತಿ ಬರ್ತು, ಇಲ್ಲದಿದ್ದರೆ ಏನೂ ಇಲ್ಲ. ಆರ್‌ಎಸಿ ಸಿಕ್ಕಿದರೆ ಸೈಡ್ ಲೋವರಿನಲ್ಲಿ ಇಬ್ಬರು ಮೊಣಕಾಲು ತಾಗಿಸಿಕೊಂಡು ಕೂರಬೇಕು, ಆದರೆ ಗಾಡಿ ಹತ್ತುವ ಹಕ್ಕಂತೂ ಸಿಗುತ್ತೆ. ಹಿಂದೆ ಗಾಡಿ ಹೊರಡುವ 4 ಗಂಟೆ ಮುಂಚೆ ಚಾರ್ಟ್ ಬರುತ್ತಿತ್ತು, 2025ರಲ್ಲಿ ಅದನ್ನ ಇನ್ನೂ ಮುಂಚಿತವಾಗಿ ಮಾಡಿದರು. ಈಗ ರಾತ್ರಿ ಗಾಡಿಯ ಹಣೆಬರಹ ಮಧ್ಯಾಹ್ನದ ಹೊತ್ತಿಗೇ ಗೊತ್ತಾಗಿಬಿಡುತ್ತೆ. ‘ನನ್ನ ಬೈಯೋಕೆ ಜನಕ್ಕೆ ಟೈಮ್ ಜಾಸ್ತಿ ಸಿಕ್ತು’ ಅಂತ ಯಜಮಾನ್ರು ನಗುತ್ತಾರೆ.

ನನ್ನ ನಾದಿನಿ ಮಂಡ್ಯದಲ್ಲಿದ್ದಾಳೆ. ದಾರಿ ಮಧ್ಯದ ಊರಿನಿಂದ ಹತ್ತುವವರಿಗೆ ಎಷ್ಟೋ ಗಾಡಿಗಳಲ್ಲಿ ಬೇರೆ ಕೋಟಾ ಇರುತ್ತೆ, ಅದರ ವೇಟಿಂಗ್ ಬೇಗ ಸರಿಯುವುದಿಲ್ಲ. ಅವಳಿಗೆ ‘ಡೌಟು’ ಅಂದ ಯಜಮಾನ್ರು ಅಲ್ಲಿಗೇ ಬಿಡಲಿಲ್ಲ. ‘ಮೈಸೂರಿಂದಲೇ ತಗೊಳ್ಳೋಣ, ಬೋರ್ಡಿಂಗ್ ಮಂಡ್ಯ ಅಂತ ಹಾಕ್ತೀನಿ. ಸ್ವಲ್ಪ ಕಾಸು ಜಾಸ್ತಿ, ಆದ್ರೆ ಡೌಟು ಹೋಗಿ ಆಗಬಹುದು ಆಗುತ್ತೆ’ ಅಂದರು. ಇದು ಗೊತ್ತಿದ್ದರೆ ಯಾರು ಬೇಕಾದರೂ ಮಾಡಿಕೊಳ್ಳಬಹುದು, ಗುಟ್ಟೇನಲ್ಲ. ಆದರೆ ಎಷ್ಟು ಜನಕ್ಕೆ ಗೊತ್ತು?

ಅವರ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದೊಂದು ಇತ್ತೀಚೆಗೆ ಮುರಿದುಬಿತ್ತು, ಅದನ್ನ ಹೇಳಲೇಬೇಕು. ತಿಪ್ಪರಲಾಗಕ್ಕಿಂತಲೂ ಕೆಳಗೆ, ದೀಪಾವಳಿಯ ಹಿಂದಿನ ದಿನಕ್ಕೆ ಲೋವರ್ ಬರ್ತೇ ಬೇಕು ಅನ್ನುವಂಥವರಿಗೆ ಅವರು ಹೇಳುತ್ತಿದ್ದದ್ದು ‘ಜೂನ್‌ನಲ್ಲಿ ಕಟ್ಟೆ ತುಂಬಿದ ಹಾಗೆ’ ಅಂತ. ಕಟ್ಟೆ ಅಂದರೆ ನಮ್ಮ ಕಡೆ ಕನ್ನಂಬಾಡಿ ಕಟ್ಟೆ, ಕೆಆರ್‌ಎಸ್. 124.80 ಅಡಿ ಮುಟ್ಟಬೇಕು ಅಂದರೆ ಕೊಡಗಿನಲ್ಲಿ ಮಳೆ ಚೆನ್ನಾಗಿ ಹಿಡಿಯಬೇಕು, ಜುಲೈ ಆಗಸ್ಟ್ ಬರಬೇಕು. ಜೂನ್‌ನಲ್ಲಿ ತುಂಬಿದ್ದನ್ನ ಯಾರೂ ನೋಡಿರಲಿಲ್ಲ. 2025ರಲ್ಲಿ ಜೂನ್ ಮುಗಿಯುವ ಮುಂಚೆಯೇ ತುಂಬಿತು. ಜೂನ್ 30ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದು ಬಾಗಿನವನ್ನೂ ಅರ್ಪಿಸಿದರು. ನಾವು ಕಂಡ ಹಾಗೆ ಜೂನ್‌ನಲ್ಲಿ ಹೀಗೆ ತುಂಬಿದ್ದು ಅದೇ ಮೊದಲು. ಆ ವಾರ ಅಂಗಡಿಗೆ ಹೋದವರೆಲ್ಲ ‘ಯಜಮಾನ್ರೇ, ಹಾಗಾದ್ರೆ ನಂ ಲೋವರ್ ಬರ್ತ್ ಕೊಡಿ’ ಅಂತ ರೇಗಿಸುವವರೇ.

ಬೇರೆಯವರಾಗಿದ್ದರೆ ಮಾತು ತೇಲಿಸುತ್ತಿದ್ದರು. ಇವರು ಆ ಮಾತನ್ನ ಬಿಟ್ಟೇಬಿಟ್ಟರು. ಈಗ ಅದರ ಜಾಗಕ್ಕೆ ‘ಚಿಕ್ಕಮ್ಮಂಗೆ ಮೀಸೆ ಬಂದ್ರೆ’ ಬಂದಿದೆ. ನನಗೇನೋ ಹಳೆಯದೇ ಚೆನ್ನಾಗಿತ್ತು ಅನಿಸುತ್ತೆ. ಚಿಕ್ಕಮ್ಮನ ಮೀಸೆ ಮತ್ತೆ ಸೊನ್ನೆಯ ಲೆಕ್ಕಕ್ಕೇ ಹೋಯಿತು. ಕಟ್ಟೆಯ ಮಾತಿನಲ್ಲಿ ಎಲ್ಲೋ ಒಂದು ಚೂರು ‘ಆದರೂ ಆದೀತು’ ಇತ್ತು, ಅದು ಆಗಿಯೂ ತೋರಿಸಿತು. ಇದನ್ನ ಅವರಿಗೂ ಹೇಳಿದೆ. ‘ಒಂದು ಸಲ ಆಗಿದ್ದನ್ನ ಆಗಲ್ಲ ಅನ್ನೋದಕ್ಕೆ ಹೇಗಮ್ಮಾ ಬಳಸ್ಲಿ?’ ಅಂದರು.

ಇಷ್ಟು ಹೊಗಳಿದ ಮೇಲೆ ತಕರಾರುಗಳೂ ಇವೆ. ದೊಡ್ಡದು ‘ನೋಡೋಣ’. ಈ ಪದ ರೂಲ್ಡ್ ಪುಸ್ತಕದಲ್ಲಿ ಇಲ್ಲ, ನಾನೇ ಹುಡುಕಿದ್ದೇನೆ. ವಯಸ್ಸಾದವರು, ಆಸ್ಪತ್ರೆಗೆ ಅಂತ ಹೊರಟವರು, ಸಾವಿನ ಮನೆಗೆ ಹೋಗಬೇಕಾದವರು ಬಂದರೆ ಯಜಮಾನ್ರ ಬಾಯಿಂದ ‘ಕಷ್ಟ’ ಹೊರಡುವುದೇ ಇಲ್ಲ. ‘ನೋಡೋಣ ತಾಯಿ’ ಅನ್ನುತ್ತಾರೆ. ನನ್ನ ಮುಂದೆಯೇ ಒಬ್ಬ ಅಜ್ಜಿಗೆ ಹಾಗಂದರು, ಹುಬ್ಬಳ್ಳಿಗೆ ಮೊಮ್ಮಗನ ನಾಮಕರಣಕ್ಕೆ ಹೊರಟಿದ್ದವರು. ಅಜ್ಜಿ ಅದನ್ನ ‘ಆಗುತ್ತೆ’ ಅಂತಲೇ ಕೇಳಿಸಿಕೊಂಡು, ಕೈಮುಗಿದು, ಖುಷಿಯಾಗಿ ಹೋದರು. ಅಜ್ಜಿ ಮೆಟ್ಟಿಲು ಇಳಿದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ‘ಕಷ್ಟ’ ಅಂದರು. ಕರುಣೆ ಅರ್ಥ ಆಗುತ್ತೆ. ಆದರೆ ಸರಿಯಾದ ಮಾತು ಬೇಕಿದ್ದದ್ದು ನನಗಿಂತ ಜಾಸ್ತಿ ಆ ಅಜ್ಜಿಗೆ, ಬೇರೆ ದಾರಿ ನೋಡಿಕೊಳ್ಳೋಕೆ ಅವರಿಗೇ ಹೆಚ್ಚು ಸಮಯ ಬೇಕು. ಅಳತೆಯ ಮಾತನ್ನ ಗಟ್ಟಿಯಾಗಿರುವವರಿಗೆ ಮಾತ್ರ ಕೊಟ್ಟು, ಮೆತ್ತಗಿರುವವರಿಗೆ ಬೆಲ್ಲ ಕೊಡೋದು ಸರಿಯಲ್ಲ. ಡಾಕ್ಟರುಗಳೂ ಹೀಗೇ ಮಾಡೋದನ್ನ ದಿನಾ ನೋಡುತ್ತೇನೆ, ಅದಕ್ಕೇ ಇದು ನನಗೆ ಬೇಗ ಚುಚ್ಚುತ್ತೆ. ಐದರಲ್ಲಿ ಒಂದು ಸ್ಟಾರ್ ಇದಕ್ಕೇ ಕಳೆದಿದ್ದೇನೆ.

ಎರಡನೆಯದು ಅಂಗಡಿಯ ಹುಡುಗ. ಒಳ್ಳೆಯವನು, ಟೈಪಿಂಗ್ ಚುರುಕು. ಆದರೆ ಅವನ ಹತ್ತಿರ ಇರೋದು ಒಂದೇ ಪದ: ‘ಗ್ಯಾರಂಟಿ ಮೇಡಂ.’ ವೇಟಿಂಗ್ 4ಕ್ಕೂ ಗ್ಯಾರಂಟಿ, 94ಕ್ಕೂ ಗ್ಯಾರಂಟಿ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರ ತನಕ ಯಜಮಾನ್ರು ಊಟಕ್ಕೆ ಹೋಗಿ ಒಂದು ನಿದ್ದೆ ಮಾಡಿ ಬರುತ್ತಾರೆ, ಆ ಹೊತ್ತಿನಲ್ಲಿ ಜೆರಾಕ್ಸ್ ಬೇಕಿದ್ದರೆ ಮಾತ್ರ ಹೋಗಿ.

ತತ್ಕಾಲ್‌ಗೆ ಈ ಅಂಗಡಿ ಉಪಯೋಗವಿಲ್ಲ. ಎಸಿ ತತ್ಕಾಲ್ ಬೆಳಿಗ್ಗೆ 10ಕ್ಕೆ, ನಾನ್ ಎಸಿ 11ಕ್ಕೆ ತೆರೆಯುತ್ತೆ, ಮೊದಲ ಅರ್ಧ ಗಂಟೆ ಏಜೆಂಟರು ಮಾಡುವ ಹಾಗಿಲ್ಲ ಅಂತ 2025ರ ಜುಲೈನಿಂದ ನಿಯಮ. ಅರ್ಧ ಗಂಟೆ ಆದ ಮೇಲೆ ಏನು ಉಳಿದಿರುತ್ತೆ ಹೇಳಿ. ಅದನ್ನ ನಿಮ್ಮ ಫೋನಿನಲ್ಲೇ ಮಾಡಿಕೊಳ್ಳಿ. ಮಾಮೂಲಿ ಟಿಕೆಟ್ಟಿಗೆ ಈಗ 60 ದಿನ ಮುಂಚೆ ಬುಕಿಂಗ್ ಶುರುವಾಗುತ್ತೆ. ಇವರು ತಗೊಳ್ಳೋದು ನಾನ್ ಎಸಿಗೆ 20, ಎಸಿಗೆ 40 ರೂಪಾಯಿ, ಅದರ ಮೇಲೆ ಬಿಡಿಗಾಸೂ ಕೇಳಲ್ಲ. ಯುಪಿಐ ಇದೆ. ಕೂರೋಕೆ ಒಂದೇ ಸ್ಟೂಲು, ಅದರ ಒಂದು ಕಾಲು ಗಿಡ್ಡ. ಭಾನುವಾರ ಅರ್ಧ ದಿನ.

ಹೋದಾಗ ‘ನೋಡೋಣ’ ಅಂದರೆ ಎದ್ದು ಬರಬೇಡಿ. ‘ಹತ್ತು ಜನ ಬಂದ್ರೆ ಎಷ್ಟು ಜನಕ್ಕೆ ಆಗುತ್ತೆ ಯಜಮಾನ್ರೇ?’ ಅಂತ ಕೇಳಿ. ಒಂದು ಕ್ಷಣ ಸುಮ್ಮನಿರುತ್ತಾರೆ, ಆಮೇಲೆ ಬೆರಳು ಎತ್ತಿ ತೋರಿಸುತ್ತಾರೆ.